ಯಮನೂರಪ್ಪ ಕಂಡ ಬೆಳಕು

ಮಲಪ್ರಭೆಯ ದಂಡೆಯ ಮೇಲೆ ಅಡವಯ್ಯಜ್ಜ ಎಂಬ ಗುರುಗಳಿದ್ದರು. ನೇಕಾರರ ಮನೆಯಲ್ಲಿ ಹುಟ್ಟಿದವರು. ಅರಿವು ಎಂದರೇನು ಎಂಬ ಒಂದೇ ಪ್ರಶ್ನೆ ಹಿಡಿದು ಐವತ್ತು ವರ್ಷ ಕೂತಿದ್ದರು. ಉತ್ತರ ಸಿಕ್ಕಿತೆಂದು ಒಂದು ದಿನವೂ ಹೇಳಿಕೊಂಡವರಲ್ಲ. ನನಗೆ ಅವರು ಹಿಡಿಸುವುದು ಇದೇ ಕಾರಣಕ್ಕೆ.

ಆಶ್ರಮದಲ್ಲಿ ಎಂಟು ಮಗ್ಗಗಳಿದ್ದವು. ಪಾಠ ನಡೆಯುತ್ತಿದ್ದುದು ಮಗ್ಗದ ಮೇಲೆಯೇ. ಶಿಷ್ಯರು ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟು ಟವೆಲ್ಲು ನೇಯುತ್ತ ಕೇಳಬೇಕು, ನೇಯುತ್ತಲೇ ಪ್ರಶ್ನೆ ಹಾಕಬೇಕು. ಅರವತ್ತು ಬಿಳಿ ಎಳೆ ಆದ ಮೇಲೆ ಬಿಳಿ ಲಾಳಿ ಇಟ್ಟು ಕೆಂಪು ಲಾಳಿ ಎತ್ತಿಕೊಂಡು ಎರಡು ಕೆಂಪು ಎಳೆ ಹಾಕಬೇಕು. ಬಾಯಲ್ಲಿ ವೇದಾಂತ ಹರಿಸಿ ಕೈಯಲ್ಲಿ ನೂಲು ಸಿಕ್ಕು ಮಾಡಿಕೊಳ್ಳುವವರು ಅಲ್ಲಿ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ.

ಅಲ್ಲಿಗೆ ಒಂದು ಮುಂಜಾನೆ ಯಮನೂರಪ್ಪ ಬಂದ. ವಯಸ್ಸು ಇಪ್ಪತ್ತಾರು. ಅವನೂ ನೇಕಾರನೇ. ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು, ಗದ್ದದ ಮೇಲೆ ಇನ್ನೂ ಹಸಿಯಾದದ್ದೊಂದು. ಅಜ್ಜನ ಕಾಲಿಗೆ ಬಿದ್ದವನು ಎದ್ದೇಳಲೇ ಇಲ್ಲ.

“ಏನಾಗೈತಿ ತಮ್ಮಾ?” ಎಂದರು ಅಜ್ಜ.

“ಮೂರ್ಛಿ ಬ್ಯಾನಿ ಐತ್ರಿ ಅಜ್ಜಾರ. ಹತ್ತು ವರ್ಷ ಆತು.”

“ಎದ್ದು ಕುಂದರು. ಕುಂತು ಹೇಳು.”

ಅವನು ಎದ್ದು ಕೂತ. “ಬಿದ್ದಾಗೊಮ್ಮೆ ಕೈಯಾಗ ಕೀಲಿಕೈ ಹಿಡಸ್ತಾರ್ರಿ. ಮೂಗಿಗೆ ಉಳ್ಳಾಗಡ್ಡಿ ಹಿಡೀತಾರ. ಚಪ್ಪಲಿನೂ ಹಿಡದಾರ. ಒಬ್ಬರು ದೆವ್ವ ಅಂದ್ರು, ಒಬ್ಬರು ದೇವರು ಅಂದ್ರು. ಲಗ್ನ ನಿಶ್ಚೆ ಆಗಿತ್ರಿ. ಆ ಹುಡುಗಿ ಮುಂದನ ಬಿದ್ದೆ. ಅದೂ ಮುರೀತು.”

“ಈಗ ನಿನಗೇನು ಬೇಕು?”

“ನಾ ಬಿದ್ದಾಗ ಒಳಗ ಇರಾಂವ ಯಾರು, ಅಥವಾ ಒಳಗ ಯಾರೂ ಇರಂಗಿಲ್ಲೋ. ಅಷ್ಟು ಹೇಳ್ರಿ, ಸಾಕು.”



“ನನಗ ಗೊತ್ತಿಲ್ಲ,” ಎಂದರು ಅಜ್ಜ.

ಯಮನೂರಪ್ಪ ತಲೆಯೆತ್ತಿ ನೋಡಿದ. ಹತ್ತು ವರ್ಷ ಅವನು ಸುತ್ತಿದ ಕಡೆಯಲ್ಲೆಲ್ಲ ಪ್ರತಿಯೊಬ್ಬರಿಗೂ ಖಚಿತವಾಗಿ ಗೊತ್ತಿತ್ತು. ಗೊತ್ತಿಲ್ಲ ಎಂದ ಮೊದಲ ಮನುಷ್ಯ ಈತ. ಆ ಒಂದು ಮಾತಿಗೆ ಅವನು ಅಲ್ಲಿಯೇ ಉಳಿದುಬಿಟ್ಟ.

“ಇರು. ಆದರ ಒಂದು ಮಾತು,” ಎಂದರು ಅಜ್ಜ. “ಪ್ಯಾಟಿ ಡಾಕ್ಟರ್ ಗುಳಗಿ ಕೊಟ್ಟಾರೇನು?”

“ಕೊಟ್ಟಾರ್ರಿ. ಆಗೊಮ್ಮೆ ಈಗೊಮ್ಮೆ ತಗೋತೇನಿ.”

“ಇನ್ನ ದಿನಾ ಎರಡು ಹೊತ್ತು. ಕಾಶವ್ವನ ಕಣ್ಣ ಮುಂದ.”

ಕಾಶವ್ವ ಅಡುಗೆಮನೆಯ ಯಜಮಾನಿ. ಅರವತ್ತು ದಾಟಿದ ಹೆಂಗಸು. ಆಶ್ರಮದಲ್ಲಿ ಅಜ್ಜನನ್ನು ಗದರಿಸುವ ಧೈರ್ಯ ಇದ್ದವಳು ಅವಳೊಬ್ಬಳೇ. ಅವಳ ಕಣ್ಣು ತಪ್ಪಿಸುವುದು ಸುಲಭದ ಮಾತಾಗಿರಲಿಲ್ಲ.

ಎಂಟನೆಯ ದಿನ ಯಮನೂರಪ್ಪ ಅಂಗಳದಲ್ಲಿ ಬಿದ್ದ. ಮೈಯೆಲ್ಲ ಸೆಟೆದು, ಕೈಕಾಲು ಬಡಿಯತೊಡಗಿದವು. ಶಿಷ್ಯರಲ್ಲಿ ಮೂವರು ಕೀಲಿಕೈ ಹುಡುಕಿ ತೆಗೆದುಕೊಂಡು ಓಡಿ ಬಂದರು. ಅಜ್ಜ ಅದನ್ನು ಕಸಿದು ಆಚೆ ಎಸೆದರು.

“ಕೀಲಿ ಬಾಗಲಕ್ಕ ಬೇಕು. ಇವಗ ಗಾಳಿ ಬೇಕು. ದೂರ ಸರೀರಿ.”

ತಮ್ಮ ಶಾಲನ್ನು ಮಡಿಚಿ ಅವನ ತಲೆಯಡಿಗೆ ಕೊಟ್ಟರು. ಹತ್ತಿರವಿದ್ದ ಕಲ್ಲನ್ನು ದೂರ ಸರಿಸಿದರು. ಬಡಿತ ನಿಂತೊಡನೆ ಅವನನ್ನು ಮಗ್ಗುಲಾಗಿ ಹೊರಳಿಸಿದರು. ಬಾಯಿಗೆ ನೀರೂ ಹಾಕಗೊಡಲಿಲ್ಲ. ಎಲ್ಲರನ್ನೂ ಕಳಿಸಿ ಒಬ್ಬರೇ ಕೂತರು.

ಯಮನೂರಪ್ಪ ಕಣ್ಣು ಬಿಟ್ಟಾಗ ಸುತ್ತ ಗದ್ದಲವಿರಲಿಲ್ಲ. ಒಂದು ಮುದಿ ಮುಖ ಮಾತ್ರ ಇತ್ತು. ಆ ಮುಖದಲ್ಲಿ ಹೆದರಿಕೆಯೂ ಇರಲಿಲ್ಲ, ಅಯ್ಯೋ ಪಾಪವೂ ಇರಲಿಲ್ಲ.

“ನಿನ್ನ ಹೆಸರೇನು?” ಅಜ್ಜ ಕೇಳಿದರು.

ಅವನು ಹುಡುಕಿದ. “ಕಾಶವ್ವ,” ಎಂದ.

ಅಜ್ಜ ನಗಲಿಲ್ಲ, ಕಾದರು. ಸ್ವಲ್ಪ ಹೊತ್ತಿಗೆ ಅವನಿಗೆ ನಾಲಿಗೆಯ ನೋವು ತಿಳಿಯಿತು. ಆಮೇಲೆ ಕೈ ತನ್ನದೆಂದು ತಿಳಿಯಿತು. ಆಮೇಲೆ ಹೊಳೆಯ ಸಪ್ಪಳ, ಅಂಗಳ, ಅಜ್ಜ. ಎಲ್ಲ ಆದ ಮೇಲೆ ಹೆಸರು ಬಂತು. ಅದನ್ನೆಲ್ಲ ಬಂದ ಹಾಗೆಯೇ ಅಜ್ಜ ಅವನ ಬಾಯಿಂದ ಹೇಳಿಸಿಕೊಂಡರು.

“ಹೆಸರು ಕಡೀಕ ಬಂತೇನು!” ಅಜ್ಜನ ಕಣ್ಣುಗಳು ಅರಳಿದವು. “ಅರಿವು ಅಂದ್ರ ಒಂದ ದೀಪ, ಹಚ್ಚಿದ ಕೂಡಲೇ ಮನಿ ಪೂರಾ ಬೆಳಗತೈತಿ ಅಂತ ತಿಳದಿದ್ದೆ. ಹಂಗಿಲ್ಲ ಬಿಡು. ಊಟದ ಪಂಕ್ತಿಗೆ ಬಂದಂಗ ಒಬ್ಬೊಬ್ಬರ ಬಂದು ಕುಂದರತಾರ. ಮನಿ ಯಜಮಾನ ಎಲ್ಲಾರಿಗಿಂತ ಹಿಂದ.”

ಯಮನೂರಪ್ಪ ಬಿದ್ದದ್ದನ್ನು ನೋಡಿ ಅತ್ತವರಿದ್ದರು, ಓಡಿಹೋದವರಿದ್ದರು. ಕಲಿತುಕೊಂಡವರನ್ನು ಅವನು ಕಂಡಿದ್ದು ಅದೇ ಮೊದಲು.

ಹಿರಿಯ ಶಿಷ್ಯರೊಬ್ಬರಿದ್ದರು, ಚಿದಂಬರ ಶಾಸ್ತ್ರಿಗಳು. ಹನ್ನೆರಡು ವರ್ಷ ಓದಿ ಬಂದವರು, ಒಳ್ಳೆಯ ಕಂಠ, ಇನ್ನೂ ಒಳ್ಳೆಯ ಜ್ಞಾಪಕಶಕ್ತಿ. ಅವರ ವಾದವನ್ನು ಆ ಭಾಗದಲ್ಲಿ ಯಾರೂ ಮುರಿದಿರಲಿಲ್ಲ.

“ಕೈ ಆಡ್ತದ ಅಂದ್ರ ಒಳಗ ಆಡಿಸಾಂವ ಇದ್ದಾನ. ಕೈ ನಿಂತದ ಅಂದ್ರ ಅಂವ ಇಲ್ಲ,” ಎನ್ನುತ್ತಿದ್ದರು. “ಅರಿವು ಬ್ಯಾರೆ ಅಲ್ಲ, ಮಾಡೋದು ಬ್ಯಾರೆ ಅಲ್ಲ.”

ಒಂದು ಮಧ್ಯಾಹ್ನ ಇದನ್ನೇ ಅವರು ವಿಸ್ತಾರವಾಗಿ ಹೇಳುತ್ತಿದ್ದಾಗ ಕಾಶವ್ವ ಮಜ್ಜಿಗೆ ತಂದಳು.

“ಯಮನೂರಾ, ಮಜ್ಜಿಗಿ ತಗೋ.”

ಅವನು ಉತ್ತರ ಕೊಡಲಿಲ್ಲ. ಕಣ್ಣು ತೆರೆದಿತ್ತು. ತುಟಿ ಏನನ್ನೋ ಅಗಿಯುವ ಹಾಗೆ ಆಡುತ್ತಿತ್ತು. ಲಾಳಿ ಮಾತ್ರ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡುತ್ತಲೇ ಇತ್ತು.

“ಏ ಯಮನೂರಾ, ಕಿವಿ ಎಲ್ಲಿಟ್ಟೀಯೋ?”

ಅಜ್ಜ ಕೈಯೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದರು. ಎಲ್ಲರ ಮಗ್ಗವೂ ನಿಂತಿತು. ಅವನದೊಂದೇ ನಡೆದಿತ್ತು.

ಕೊನೆಗೆ ಯಮನೂರಪ್ಪ ಕಣ್ಣು ಮಿಟುಕಿಸಿದ. ಪಕ್ಕದ ಲೋಟ ನೋಡಿದ.

“ಮಜ್ಜಿಗಿ ಯಾವಾಗ ಬಂತು ಯವ್ವಾ?”

ಅಜ್ಜ ಎದ್ದು ಬಂದು ಅವನು ನೇಯ್ದ ಬಟ್ಟೆಯ ಮೇಲೆ ಬಾಗಿದರು. ಬೆರಳಿಟ್ಟು ನೋಡಿದರು. ಎಳೆ ಒಂದೂ ಹರಿದಿರಲಿಲ್ಲ, ಅಂಚು ಒಂದು ಕೂದಲೂ ಸೊಟ್ಟಾಗಿರಲಿಲ್ಲ. ಆದರೆ ಒಂದು ಗೇಣಿನಷ್ಟು ಉದ್ದಕ್ಕೆ ಒಂದೂ ಕೆಂಪು ಗೆರೆ ಬಿದ್ದಿರಲಿಲ್ಲ. ಬರೀ ಬಿಳಿ.

“ಚಿದಂಬರಾ, ಈ ಗೇಣು ನೇದಾಂವ ಯಾರು?”

“ಯಮನೂರಪ್ಪ, ಮತ್ತ್ಯಾರು?”

“ಕಾಶವ್ವ ಎರಡು ಸಲ ಕರದಳು. ಅಂವ ಇದ್ದಿಲ್ಲ.”

“ಹಂಗಾರ ಅವನ ಕೈ ನೇಯ್ದದ.”

“ಹೌದು. ನೇಯೋದು ಕೈಗೆ ಬರತೈತಿ. ಬಿಳಿದು ಸಾಕು, ಈಗ ಕೆಂಪು ಎತ್ತಬೇಕು ಅನ್ನೋದು ಕೈಗೆ ಬರಂಗಿಲ್ಲ. ಬದಲು ಮಾಡೋ ಹೊತ್ತಿಗೆ ಒಳಗ ಒಬ್ಬಾಂವ ಇರಬೇಕು.” ಅಜ್ಜ ಆ ಬಿಳಿಯ ಗೇಣನ್ನು ಅಂಗೈಯಿಂದ ಸವರಿದರು. “ಆಡಿಸಾಂವ ಇಲ್ಲದನೂ ಕೈ ಆಡತೈತಿ, ಚಿದಂಬರಾ. ಇಲ್ಲೆ ನೋಡು, ಮುಟ್ಟಿ ನೋಡು.”

ಶಾಸ್ತ್ರಿಗಳು ಮುಟ್ಟಿ ನೋಡಿದರು. ಬಟ್ಟೆಯ ಜೊತೆ ವಾದ ಮಾಡುವುದು ಕಷ್ಟ.

ಯಮನೂರಪ್ಪನೂ ಮುಟ್ಟಿ ನೋಡಿದ. ಹತ್ತು ವರ್ಷ ಅವನಿಗೆ ಕಾಣದೆ ಉಳಿದದ್ದು ಈಗ ಬೆರಳಿಗೆ ಸಿಕ್ಕಿತ್ತು. ತಾನು ಇಲ್ಲದ ಹೊತ್ತು ಇಷ್ಟು ಉದ್ದ. ಅದು ದೆವ್ವದ ಹಾಗೆ ಕಾಣಲಿಲ್ಲ. ಬರೀ ಬಿಳಿ ಬಟ್ಟೆ. ಅವನ ಎದೆ ಹಗುರಾಯಿತು.

ಶಾಸ್ತ್ರಿಗಳು ಅರ್ಧ ವಾದ ಬಿಟ್ಟುಕೊಟ್ಟರು, ಉಳಿದರ್ಧ ಬಿಗಿಯಾಗಿ ಹಿಡಿದುಕೊಂಡರು. “ಇರಲಿ. ಆದ್ರ ಕೈ, ಬಾಯಿ ಎಲ್ಲಾ ಕೆಲಸ ಬಿಟ್ಟಾಗ ಒಳಗ ಯಾರೂ ಇರೂದುಲ್ಲ, ಇದು ಮಾತ್ರ ಖರೆ,” ಎಂದರು.

ತಿಂಗಳು ಕಳೆದಿರಬೇಕು. ಶಿಷ್ಯರು ಹೊಳೆಯಲ್ಲಿ ನೂಲು ತೊಳೆಯುತ್ತಿದ್ದರು. ಯಮನೂರಪ್ಪ ಇದ್ದಕ್ಕಿದ್ದಂತೆ ದಂಡೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಬಲಗೈ ತನ್ನಷ್ಟಕ್ಕೆ ಎಳೆದು ಎಳೆದು ಬಿಡುತ್ತಿತ್ತು. ಬಾಯಿ ಕಟ್ಟಿಹೋಗಿತ್ತು. ಕರೆದರೆ ಮಾತಿಲ್ಲ, ಸನ್ನೆಯೂ ಇಲ್ಲ. ಶಾಸ್ತ್ರಿಗಳು ಕಿರಿಯರನ್ನೆಲ್ಲ ಸುತ್ತ ನಿಲ್ಲಿಸಿಕೊಂಡರು.

“ನೋಡ್ರಿ, ಈಗ ಇದು ಖಾಲಿ ಮನಿ. ಒಳಗ ಯಾರೂ ಇಲ್ಲ. ಏನಂದ್ರೂ ಕೇಳಸೂದುಲ್ಲ,” ಎಂದರು. ಕೇಳುವವರಿಲ್ಲ ಎಂಬ ಧೈರ್ಯ ಬಂತೋ ಏನೋ, ದನಿ ತಗ್ಗಿಸಿ ಮುಂದುವರಿಸಿದರು. “ಖರೆ ಹೇಳಬೇಕಂದ್ರ ಅಜ್ಜಾರು ಇವನ್ನ ಭಾಳ ತಲಿ ಮ್ಯಾಲೆ ಕೂಡಿಸ್ಕೊಂಡಾರ. ಪಾಠಕ್ಕ ಇವನ ಉದಾಹರಣಿ, ಊಟಕ್ಕ ಇವಗ ಐದು ರೊಟ್ಟಿ.”

ಕಿರಿಯರು ಬಾಯಿ ಮುಚ್ಚಿ ನಕ್ಕರು.

ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಬಾಯಿ ಬಿಚ್ಚಿತು. ಅಷ್ಟರಲ್ಲಿ ಅಜ್ಜನೂ ಬಂದಿದ್ದರು.

“ಏನಾತು ತಮ್ಮಾ?”

“ಎಲ್ಲಾ ಕೇಳಸ್ತಿತ್ರಿ ಅಜ್ಜಾರ. ಎಲ್ಲಾ ಕಾಣಸ್ತಿತ್ತು. ಹೇಳಾಕ ಬರವಲ್ದಾಗಿತ್ತು, ಅಷ್ಟ.”

“ಏನು ಕೇಳಿಸ್ತು?”

ಯಮನೂರಪ್ಪ ಶಾಸ್ತ್ರಿಗಳ ಮುಖ ನೋಡಿದ. ನೋಡಿ, ಖಾಲಿ ಮನೆಯಿಂದ ಶುರು ಮಾಡಿ ತಲೆಯ ಮೇಲೆ ಕೂಡಿಸಿಕೊಂಡಿದ್ದರ ತನಕ ಒಂದಕ್ಷರ ಬಿಡದೆ ಒಪ್ಪಿಸಿದ.

“ಮತ್ತ ಶಾಸ್ತ್ರಿಗಳ, ನೀವು ಐದು ರೊಟ್ಟಿ ಅಂದ್ರಿ. ನಾ ತಿನ್ನೂದು ನಾಕ್ರಿ,” ಎಂದ.

ಅಜ್ಜ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಶಾಸ್ತ್ರಿಗಳ ಮುಖ ನೋಡುವ ಹಾಗಿರಲಿಲ್ಲ.

“ಅವತ್ತು ಕೈ ಇತ್ತು, ಇಂವ ಇದ್ದಿಲ್ಲ,” ನಗು ನಿಂತ ಮೇಲೆ ಅಜ್ಜ ಹೇಳಿದರು. “ಇವತ್ತು ಇಂವ ಇದ್ದ, ಕೈ ಬಾಯಿ ಇದ್ದಿಲ್ಲ. ಐವತ್ತು ವರ್ಷ ಎರಡೂ ಒಂದ ಅಂತ ಗಂಟು ಹಾಕಿ ಇಟ್ಟಿದ್ದೆ. ಈ ತಮ್ಮ ಬಿಚ್ಚಿ ಕೊಟ್ಟ.”

ಶಾಸ್ತ್ರಿಗಳನ್ನೂ ಮೆಚ್ಚಬೇಕು. ಅಂದೇ ಸಂಜೆ ಎಲ್ಲರೆದುರಿಗೆ ಯಮನೂರಪ್ಪನ ಕೈ ಹಿಡಿದು, “ತಪ್ಪಾತಪಾ, ನಂದು ತಪ್ಪು ವಾದ,” ಎಂದುಬಿಟ್ಟರು. ಹನ್ನೆರಡು ವರ್ಷ ಸಾಕಿದ ವಾದವನ್ನು ಒಂದು ದಿನದಲ್ಲಿ ಕೆಳಗಿಡುವುದು ಎಲ್ಲರಿಂದ ಆಗುವ ಕೆಲಸವಲ್ಲ. ತೊಂದರೆ ಏನೆಂದರೆ, ಅಂಥವರ ಕೈ ಹೆಚ್ಚು ದಿನ ಖಾಲಿ ಇರುವುದಿಲ್ಲ.

ಮುಂದಿನ ಸಲ ಬಿದ್ದು ಎದ್ದ ಯಮನೂರಪ್ಪ ಎಂದಿನಂತೆ ಇರಲಿಲ್ಲ. ಅವನ ಕೆನ್ನೆ ಒದ್ದೆಯಾಗಿತ್ತು. ಶಾಸ್ತ್ರಿಗಳೂ ಅಜ್ಜನೂ ಹತ್ತಿರ ಕೂತಿದ್ದರು.

“ಬೀಳೋದಕ್ಕ ಮೊದಲ, ಎರಡು ಉಸಿರಿನಷ್ಟು ಹೊತ್ತು,” ಎಂದ ಅವನು. “ಎಲ್ಲಾ ಗೊತ್ತಾತ್ರಿ ಅಜ್ಜಾರ. ಹೊಳಿ, ಮಗ್ಗ, ಬೇವಿನ ಗಿಡದಾಗಿನ ಕಾಗಿ, ಎಲ್ಲಾ ಇರಬೇಕಾದಂಗ ಐತಿ ಅನಿಸ್ತು. ನಾ ಯಾಕ ಹುಟ್ಟೇನಿ ಅಂತ ಗೊತ್ತಾತು. ಅಂಥಾ ಬೆಳಕು, ಅಂಥಾ ಸಂತೋಷ ನಾ ಕಂಡೇ ಇಲ್ರಿ.”

ಅಜ್ಜ ಒಂದೂ ಪ್ರಶ್ನೆ ಕೇಳಲಿಲ್ಲ. ಎದ್ದು ಹೊಳೆಯ ಕಡೆ ನಡೆದು ಹೋದರು.

ಶಾಸ್ತ್ರಿಗಳು ಮಾತ್ರ, ಯಮನೂರಪ್ಪ ಬೇಡ ಬೇಡ ಎನ್ನುವಷ್ಟರಲ್ಲಿ ಅವನ ಪಾದದ ಮೇಲೆ ಹಣೆ ಇಟ್ಟರು.

“ಇದಕ್ಕ, ಇದಕ್ಕ ನೋಡಪಾ, ನಾವು ಜೀವ ತೇಯ್ತೀವಿ. ನಿನಗ ಕೂತಲ್ಲೆ ಬಂದದ,” ಎಂದರು.

ಸುದ್ದಿ ಊರಿಗೆ ಹೋಗಲು ಎರಡು ದಿನ ಹಿಡಿಯಲಿಲ್ಲ. ಜನ ತೆಂಗಿನಕಾಯಿ ಹಿಡಿದುಕೊಂಡು ಬಂದರು. ಮಕ್ಕಳನ್ನು ಅವನ ಕಾಲ ಮೇಲೆ ಹಾಕಿದರು. ಯಾವ ಮೂಗಿಗೆ ಚಪ್ಪಲಿ ಹಿಡಿದಿದ್ದರೋ ಆ ಮುಖಕ್ಕೆ ಈಗ ಕೈ ಮುಗಿದರು. ಯಾರಿಗಾದರೂ ಇದು ಹಿತವಾಗದೆ ಇರುತ್ತದೆಯೇ? ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಗುಳಿಗೆ ತೆಗೆದುಕೊಂಡಷ್ಟೂ ಮೂರ್ಛೆ ಕಡಿಮೆ ಎಂಬುದು ಅವನಿಗೆ ಗೊತ್ತಿತ್ತು. ಮೂರ್ಛೆ ಕಡಿಮೆಯಾದಷ್ಟೂ ಆ ಬೆಳಕೂ ಕಡಿಮೆ. ಅವನು ಗುಳಿಗೆಯನ್ನು ನಾಲಿಗೆಯ ಕೆಳಗೆ ಒತ್ತಿ ಹಿಡಿದು, ನೀರು ಕುಡಿದು, ಕಾಶವ್ವನಿಗೆ ಖಾಲಿ ತಂಬಿಗೆ ತೋರಿಸತೊಡಗಿದ. ಆಮೇಲೆ ಮಗ್ಗದ ಕುಣಿಯಲ್ಲಿ ಕೂತು ಉಗುಳಿ, ಕಾಲಿನಿಂದ ಮಣ್ಣಿಗೆ ತುಳಿದುಬಿಡುತ್ತಿದ್ದ. ಹೀಗೆ ಹದಿನೈದು ದಿನ ನಡೆಯಿತು.

ಹದಿನಾರನೆಯ ದಿನ ಕಾಶವ್ವ ಮಗ್ಗದ ಕುಣಿ ಗುಡಿಸಲು ಇಳಿದಳು. ಪೊರಕೆಯ ತುದಿಗೆ ಬಿಳಿಯ ಚೂರುಗಳು ಸಿಕ್ಕವು. ಮಣ್ಣು ಕೆದಕಿದಳು. ಕೆದಕಿದಷ್ಟೂ ಬಂದವು. ಅವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, “ಎಲ್ಲಿದಾನಂವ ಭಾಡ್ಯಾ,” ಎನ್ನುತ್ತ ಹೊಳೆಯ ಕಡೆಗೆ ದಾಪುಗಾಲು ಹಾಕಿದಳು.

ಅಷ್ಟು ಹೊತ್ತಿಗೆ ಯಮನೂರಪ್ಪ ಕೊನೆಯ ಮೆಟ್ಟಿಲ ಮೇಲೆ ನೂಲು ಜಾಲಾಡುತ್ತಿದ್ದ. ಶಾಸ್ತ್ರಿಗಳು ಎರಡು ಮೆಟ್ಟಿಲು ಮೇಲಿದ್ದರು. ಬೆಳಕು ಬಂತು. ಎಂದಿಗಿಂತಲೂ ದೊಡ್ಡದಾಗಿ ಬಂತು. ನೀರಿನ ಮೇಲಿನ ಬಿಸಿಲೂ ಅವನೂ ಬೇರೆ ಬೇರೆ ಅಲ್ಲವೆನಿಸಿತು.

“ಬಂತ್ರಿ ಶಾಸ್ತ್ರಿಗಳ,” ಎಂದ. ನೀರಿಗೆ ಬಿದ್ದ.

ಮೊಳಕಾಲಿನಷ್ಟೂ ನೀರಿರಲಿಲ್ಲ. ಆದರೆ ಮುಖ ಕೆಳಗಾಗಿತ್ತು. ಶಾಸ್ತ್ರಿಗಳು ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದರು. ಮುಟ್ಟಿದರೆ ಸಮಾಧಿ ಕೆಡುತ್ತದೆಂದು ಅವರ ಭಾವನೆ.

ಕಾಶವ್ವ ಬಂದು ನೋಡಿದಳು. ಕೂಗುವುದಕ್ಕೆ ಹೊತ್ತಿರಲಿಲ್ಲ. ಸೀರೆ ಸಮೇತ ನೀರಿಗೆ ಇಳಿದು, ಬಡಿಯುತ್ತಿದ್ದ ಆ ಮೈಯನ್ನು ಹೇಗೋ ಅವುಚಿ ಹಿಡಿದು, ಮುಖ ಮೇಲೆ ಮಾಡಿ, ದಂಡೆಗೆ ಎಳೆದು ಹಾಕಿದಳು. ಮಗ್ಗುಲಾಗಿ ಹೊರಳಿಸಿದಳು. ಬಾಯಿಂದ ನೀರು ಹೋಯಿತು. ಉಸಿರು ಬಂತು. ಆಮೇಲೆ ಶಾಸ್ತ್ರಿಗಳ ಕಡೆ ತಿರುಗಿದಳು.

“ಮುಳುಗೋ ಮನಶ್ಯಾಗ ಕೈ ಮುಗದು ನಿಂದರಬೇಕಂತ ಯಾವ ಶಾಸ್ತ್ರದಾಗ ಬರದೈತ್ರಿ?”

ಶಾಸ್ತ್ರಿಗಳು ಅವನ ತಲೆಯ ಹತ್ತಿರ ಕುಸಿದು ಕೂತು ಮಗುವಿನಂತೆ ಅತ್ತರು.

ಯಮನೂರಪ್ಪ ಆ ದಿನವೆಲ್ಲ ಮಲಗಿದ್ದ. ಮರುದಿನ ಬಿಸಿಲೇರಿದಾಗ ಸರಿಯಾಗಿ ಎಚ್ಚರಾಯಿತು. ಎದೆ ನೋಯುತ್ತಿತ್ತು. ಹಾಸಿಗೆಯ ಪಕ್ಕ ಅಜ್ಜ ಕೂತಿದ್ದರು. ಬಾಗಿಲ ಹತ್ತಿರ ಶಾಸ್ತ್ರಿಗಳು ತಲೆ ತಗ್ಗಿಸಿ ನಿಂತಿದ್ದರು. ಗುಳಿಗೆಯ ವಿಷಯ ಎಲ್ಲರಿಗೂ ತಿಳಿದಿದೆಯೆಂದು ಆ ಮುಖಗಳನ್ನು ನೋಡಿಯೇ ಅವನಿಗೆ ಗೊತ್ತಾಯಿತು. ಬೈಗುಳಕ್ಕೆ ಕಾದ.

“ಬೆಳಕು ಬಂತೇನು?” ಅಜ್ಜ ಕೇಳಿದರು.

“ಬಂತ್ರಿ.”

“ಎಲ್ಲಾ ಗೊತ್ತಾತೇನು?”

“ಎಲ್ಲಾ ಗೊತ್ತಾತ್ರಿ.”

“ಗೊತ್ತಾದ್ದರಾಗ ಒಂದು ಹೇಳು.”

ಯಮನೂರಪ್ಪ ಬಾಯಿ ತೆರೆದ. ಮಾತು ಬರಲಿಲ್ಲ. ಇದು ನಾಲಿಗೆ ಕಟ್ಟಿದ್ದಲ್ಲ. ಅವನು ಒಳಗೆಲ್ಲ ಹುಡುಕಿದ. ಆ ಸಂತೋಷ ಇನ್ನೂ ಎದೆಯಲ್ಲಿ ಬೆಚ್ಚಗೆ ಇತ್ತು. ತಿಳಿಯಿತು ಎಂಬುದೂ ಇತ್ತು. ಏನು ತಿಳಿಯಿತು ಎಂಬ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ. ಏನಾದರೂ ಒಂದು ಹೇಳಿಬಿಡಬಹುದಿತ್ತು. ಎಲ್ಲವೂ ಒಂದೇ ಎಂದಿದ್ದರೆ ಶಾಸ್ತ್ರಿಗಳು ಮತ್ತೆ ಕಾಲಿಗೆ ಬೀಳುತ್ತಿದ್ದರು. ಆ ಮಾತು ನಾಲಿಗೆಯ ತುದಿಗೂ ಬಂತು.

“ಏನೂ ಇಲ್ರಿ ಅಜ್ಜಾರ,” ಎಂದ. “ಗೊತ್ತಾತು ಅನ್ನೋದಷ್ಟ ಇತ್ರಿ. ಏನು ಗೊತ್ತಾತು ಅನ್ನೋದು ಕಾಣಲಿಲ್ಲ.”

“ನೀರಿನಾಗ ಮುಳುಗಾಕ ಹತ್ತಿದ್ದಿ. ಅದು ಗೊತ್ತಾತೇನು?”

“ಇಲ್ರಿ.”

ಅಜ್ಜ ತಲೆಯಾಡಿಸಿದರು.

“ನನಗ ಇಪ್ಪತ್ತೊಂದು ವರ್ಷ ಇದ್ದಾಗ ಅಂಥಾದ್ದು ಒಮ್ಮೆ ಬಂದಿತ್ತು,” ಎಂದರು. “ಬಿದ್ದಿದ್ದಿಲ್ಲ. ಕುಂತಿದ್ದೆ. ಎಲ್ಲಾ ಗೊತ್ತಾತು ಅನಿಸ್ತು. ಆ ಒಂದು ಬೆಳಕಿನ ಮ್ಯಾಲೆ ಈ ಆಶ್ರಮ ಕಟ್ಟೇನಿ. ನೀ ನಿಂದು ಹೇಳಿದ ದಿನ ಎದ್ದು ಹೋದ್ನಲ್ಲಾ, ಹೊಳಿ ದಂಡಿ ಮ್ಯಾಲೆ ನನ್ನನ್ನ ನಾನ ಕೇಳಿದೆ. ಅಡವಯ್ಯಾ, ಅವತ್ತು ಗೊತ್ತಾದ್ದರಾಗ ಒಂದು ಹೇಳು ಅಂತ. ಇಪ್ಪತ್ತು ದಿನದಿಂದ ಹುಡುಕಾ‌ಕತ್ತೇನಿ.”

“ಸಿಕ್ತೇನ್ರಿ?” ಯಮನೂರಪ್ಪ ಕೇಳಿದ.

“ಇಲ್ಲ.”

ಬಾಗಿಲಲ್ಲಿದ್ದ ಶಾಸ್ತ್ರಿಗಳು ಒಳಗೆ ಬಂದರು. “ಹಂಗಾರ ನಿಮ್ಮದೂ ಬ್ಯಾನೀನ ಏನ್ರಿ ಅಜ್ಜಾರ? ಎಲ್ಲಾ ಸುಳ್ಳೇನ್ರಿ?”

“ಬ್ಯಾನಿ ಇರಬೌದು, ಇಲ್ಲದಿರಬೌದು. ನನಗ ಗೊತ್ತಿಲ್ಲ. ಸುಳ್ಳಂತೂ ಅಲ್ಲ. ಆ ಸಂತೋಷ ಖರೆ, ಇವನ ಕಣ್ಣೀರು ಖರೆ. ಆದರ ಗೊತ್ತಾತು ಅನಿಸೋದು ಒಂದು, ಗೊತ್ತಾಗೋದು ಒಂದು. ಒಂದನ್ನ ಬಿಟ್ಟು ಒಂದು ಬರಬಲ್ಲದು. ಇದನ್ನ ನನಗ ಯಾವ ಗುರುನೂ ಹೇಳಿಕೊಟ್ಟಿದ್ದಿಲ್ಲ, ಚಿದಂಬರಾ. ಈ ತಮ್ಮನ ಹೇಳಿದ.”

ಯಮನೂರಪ್ಪ ಆ ಮುದುಕನ ಮುಖ ನೋಡಿದ. ಐವತ್ತು ವರ್ಷ ಕಟ್ಟಿದ ಮನೆಯ ಅಡಿಗಲ್ಲನ್ನೇ ಯಾರೋ ಅಲುಗಿಸಿದ್ದರು. ಆ ಮುಖದಲ್ಲಿ ನೋವು ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಬಯಸಿದ್ದು ಕೈಗೆ ಸಿಕ್ಕ ಮನುಷ್ಯನ ಸಂತೋಷವಿತ್ತು. ಇಂಥವರ ಹತ್ತಿರವೇ ಬದುಕಬೇಕು ಎಂದು ಅವನಿಗೆ ಅನಿಸಿತು.

ಕಾಶವ್ವ ನೀರಿನ ತಂಬಿಗೆ ತಂದಳು. ಇನ್ನೊಂದು ಅಂಗೈಯಲ್ಲಿ ಗುಳಿಗೆ ಇತ್ತು. ಅದನ್ನು ಅವನ ಮುಂದೆ ಹಿಡಿದಳು.

ಅವನು ಕೈ ಚಾಚಲಿಲ್ಲ.

“ಇದನ್ನ ನುಂಗಿದ್ರ ಅದು ಬರಂಗಿಲ್ರಿ ಅಜ್ಜಾರ.”

“ಹೌದು. ಬರಲಿಕ್ಕಿಲ್ಲ.”

“ಮಂದಿ ಕೈ ಮುಗಿಯಾಕ ಬರಂಗಿಲ್ರಿ.”

“ಬರಂಗಿಲ್ಲ.”

ಯಮನೂರಪ್ಪ ಕಂಬಳಿಯ ಅಂಚು ಹಿಡಿದು ತಿರುವಿದ. ಇಷ್ಟು ದಿನ ಯಾರಿಗೂ ಹೇಳದೆ ಇದ್ದದ್ದನ್ನು ಹೇಳಿಬಿಟ್ಟ.

“ಮನ್ಯಾಗ ನಾ ಯಾರಿಗೂ ಬ್ಯಾಡಾದಾಂವ ಆಗಿದ್ದೆ. ಇಲ್ಲೆ ಬಿದ್ದದ್ದಕ್ಕ, ಬೆಳಕು ಕಂಡದ್ದಕ್ಕ ಎಲ್ಲಾರಿಗೂ ಬೇಕಾದೆ. ಬೀಳೋದೂ ನಿಂತು, ಬೆಳಕೂ ಹೋದ್ರ, ನಾ ನಿಮಗ ಯಾತಕ್ಕ ಬೇಕ್ರಿ?”

ಅಜ್ಜ ಕಾಶವ್ವನ ಅಂಗೈಯಿಂದ ಗುಳಿಗೆಯನ್ನು ತೆಗೆದುಕೊಂಡರು. ಇನ್ನೊಂದು ಕೈಯನ್ನು ಅವನ ಕತ್ತಿನ ಹಿಂದೆ ಕೊಟ್ಟು, ನಿಧಾನವಾಗಿ ಎತ್ತಿ ಕೂಡಿಸಿದರು.

“ಬೆಳಕು ಕಂಡೆ ಅನ್ನಾವರು ಈ ಹೊಳಿ ದಂಡಿಗುಂಟ ಭಾಳ ಮಂದಿ ಅದಾರ ತಮ್ಮಾ. ಕಾಣದ್ದನ್ನ ಕಾಣಲಿಲ್ಲ ಅಂತ ಹೇಳಾಂವ ನನಗ ನೀ ಒಬ್ಬನ ಸಿಕ್ಕೀದಿ. ಬಾಯಿ ತೆಗಿ.”